ಕಲ್ಲಾದ ಜೀವಿಗಳಿಗೆ ಹೆಸರಿಟ್ಟ ಸ್ಟೋಲಿಚ್ಕ

ಮಕ್ಕಳೇ, ದೇವರ ಕೋಣೆಯಲ್ಲಿ ಇಟ್ಟು ಪೂಜಿಸುವ ಸಾಲಿಗ್ರಾಮವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಕಪ್ಪು ಕಲ್ಲು. ಅನೇಕ ಸಾಲಿಗ್ರಾಮಗಳಲ್ಲಿ ಚಕ್ರದಂತಹ ಸುರುಳಿ ಕಾಣುತ್ತದೆ. ಅದು ಅಮೋನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನ ಗುರುತು. ಅಮೋನೈಟ್‌ಗಳು ಆಕ್ಟೋಪಸ್‌ನ ದೂರದ ಬಂಧುಗಳು. ಅವು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಅಳಿದುಹೋದವು. ಕೆಸರಿನಲ್ಲಿ ಹೂತುಹೋದ ಅವುಗಳ ಚಿಪ್ಪುಗಳು ಮಾತ್ರ ಕಲ್ಲಾಗಿ ಉಳಿದವು. ಇಂತಹ ಗುರುತುಗಳನ್ನು ಪಳೆಯುಳಿಕೆ ಎನ್ನುತ್ತಾರೆ.

ನಮ್ಮ ತಮಿಳುನಾಡಿನ ತಿರುಚಿರಾಪಳ್ಳಿ, ಪೆರಂಬಲೂರು, ಅರಿಯಲೂರು ಜಿಲ್ಲೆಗಳ ಕೆಲವು ಭಾಗಗಳು ಬಹು ಹಿಂದೆ ಸಮುದ್ರದ ಅಡಿಯಲ್ಲಿದ್ದವು. ಆದುದರಿಂದ ಅಲ್ಲಿಯೂ ಅಮೋನೈಟ್ ಪಳೆಯುಳಿಕೆಗಳು ಹೇರಳವಾಗಿ ಸಿಗುತ್ತವೆ. ಅವುಗಳನ್ನು ವಿಂಗಡಿಸಿ ಹೆಸರಿಟ್ಟವರಲ್ಲಿ ಪ್ರಮುಖರು ಫರ್ಡಿನಾಂಡ್ ಸ್ಟೋಲಿಚ್ಕ.

ಸ್ಟೋಲಿಚ್ಕರು 1838ರಲ್ಲಿ ಯುರೋಪಿನ ಮೊರಾವಿಯದಲ್ಲಿ ಜನಿಸಿದರು. ಅದು ಈಗ ಚೆಕ್ ದೇಶದಲ್ಲಿದೆ. ವಿಯೆನ್ನಾ ನಗರದಲ್ಲಿ ಅವರು ಭೂವಿಜ್ಞಾನವನ್ನು ಕಲಿತರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ಕೆಲಸ ದೊರೆತಾಗ ಕಲ್ಕತ್ತಾಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ.

ದಕ್ಷಿಣ ಭಾರತದಲ್ಲಿ ಬ್ಲಾನ್‌ಫರ್ಡ್ ಮತ್ತು ಅವರ ಜೊತೆಗಾರರು ಸಂಗ್ರಹಿಸಿದ್ದ ಪಳೆಯುಳಿಕೆಗಳು ಕಲ್ಕತ್ತಾದಲ್ಲಿದ್ದವು. ಅವುಗಳ ಅಧ್ಯಯನವನ್ನು ಸ್ಟೋಲಿಚ್ಕರಿಗೆ ವಹಿಸಲಾಯಿತು. ಅವರು ಒಂದೊಂದು ಚಿಪ್ಪನ್ನೂ ಕೈಯಲ್ಲಿ ಹಿಡಿದು ನೋಡಿದರು. ಸುರುಳಿ ಬಿಗಿಯಾಗಿದೆಯೇ, ಸಡಿಲವಾಗಿದೆಯೇ? ಮೇಲಿನ ಏಣುಗಳು ಹೇಗಿವೆ? ಒಳಗಿನ ಕೋಣೆಗಳ ಅಂಚಿನ ಗೆರೆಗಳು ಹೇಗೆ ಬಳುಕಿವೆ? ಹೀಗೆ ಪರೀಕ್ಷಿಸಿ, ಯುರೋಪಿನ ಅಮೋನೈಟ್‌ಗಳೊಡನೆ ಹೋಲಿಸಿದರು. ಮೊದಲೇ ಹೆಸರಿದ್ದರೆ ಅದನ್ನೇ ಉಳಿಸಿಕೊಂಡರು. ಹೊಸದಾಗಿದ್ದರೆ ಮಾತ್ರ ಹೊಸ ಹೆಸರಿಟ್ಟರು.

ನಮ್ಮಲ್ಲಿ ಕೆಲವರಿಗೆ ಮನೆತನದ ಹೆಸರು, ಸ್ವಂತ ಹೆಸರು ಎಂದು ಎರಡು ಹೆಸರುಗಳಿರುತ್ತವೆ. ಜೀವಿಗಳಿಗೂ ಹಾಗೆಯೇ ಎರಡು ಹೆಸರುಗಳಿವೆ. 1865ರಲ್ಲಿ ಸ್ಟೋಲಿಚ್ಕರು ಒಂದು ಹೊಸ ಜಾತಿಗೆ ಅಮೋನೈಟಿಸ್ ಥಿಯೊಬಾಲ್ಡಿಯಾನಸ್ ಎಂದು ಹೆಸರಿಟ್ಟರು. ತಮ್ಮ ಸಹೋದ್ಯೋಗಿ ಥಿಯೊಬಾಲ್ಡ್ ಅವರ ನೆನಪಿಗೆ ಇಟ್ಟ ಹೆಸರು ಅದು. ಆ ಕಾಲದಲ್ಲಿ ಸುರುಳಿ ಚಿಪ್ಪಿನ ಬಹುಪಾಲು ಜಾತಿಗಳನ್ನು ಅಮೋನೈಟಿಸ್ ಎಂಬ ಒಂದೇ ಮನೆತನಕ್ಕೆ ಸೇರಿಸುತ್ತಿದ್ದರು. ಮುಂದೆ ವಿಜ್ಞಾನಿಗಳು ಅದನ್ನು ಅನೇಕ ಮನೆತನಗಳಾಗಿ ವಿಂಗಡಿಸಿದರು. ಈಗ ಆ ಜಾತಿ ಕೋಸ್ಮಾಟಿಸೆರಾಸ್ ಎಂಬ ಮನೆತನದಲ್ಲಿದೆ. ಆದರೆ ಸ್ಟೋಲಿಚ್ಕರು ಕೊಟ್ಟ ಎರಡನೆಯ ಹೆಸರು ಕೊನೆಯ ಅಕ್ಷರವಷ್ಟೇ ಬದಲಾಗಿ ಹಾಗೆಯೇ ಉಳಿದಿದೆ. ಅದರ ಮುಂದೆ ಅವರ ಹೆಸರನ್ನೂ ಬರೆಯುವುದು ವಾಡಿಕೆ.

ಹೆಸರಿನಿಂದ ಏನು ಪ್ರಯೋಜನ? ಒಂದೊಂದು ಕಾಲದಲ್ಲಿ ಬೇರೆ ಬೇರೆ ಜಾತಿಯ ಅಮೋನೈಟ್‌ಗಳು ಬದುಕಿದ್ದವು. ಯಾವ ಜಾತಿ ಎಂದು ತಿಳಿದರೆ, ಅದು ಸಿಕ್ಕಿದ ಕಲ್ಲು ಎಷ್ಟು ಹಳೆಯದು ಎಂದು ಹೇಳಬಹುದು. ಹೆಸರು ತಪ್ಪಾದರೆ ಕಲ್ಲಿನ ವಯಸ್ಸೂ ತಪ್ಪಾಗುತ್ತದೆ.

ಸುಮಾರು ಹತ್ತು ವರ್ಷ ದುಡಿದು ಸ್ಟೋಲಿಚ್ಕರು ದಕ್ಷಿಣ ಭಾರತದ ಪಳೆಯುಳಿಕೆಗಳ ಬಗ್ಗೆ ನಾಲ್ಕು ದೊಡ್ಡ ಸಂಪುಟಗಳನ್ನು ಬರೆದರು. ನಡುವೆ 1864 ಮತ್ತು 1865ರಲ್ಲಿ ಹಿಮಾಲಯದ ಸ್ಪಿತಿ ಕಣಿವೆಯ ಕಲ್ಲುಗಳನ್ನೂ ಅಧ್ಯಯನ ಮಾಡಿದರು.

1873ರಲ್ಲಿ ಸರ್ಕಾರವು ಮಧ್ಯ ಏಷ್ಯಾದ ಯಾರ್ಕಂದಕ್ಕೆ ಒಂದು ತಂಡವನ್ನು ಕಳುಹಿಸಿತು. ಸ್ಟೋಲಿಚ್ಕರೂ ಅದರಲ್ಲಿದ್ದರು. ಮರಳುವಾಗ 5500 ಮೀಟರಿಗಿಂತ ಎತ್ತರದ ಕಾರಕೋರಂ ಕಣಿವೆದಾರಿಯನ್ನು ದಾಟಬೇಕಾಯಿತು. ಅಲ್ಲಿ ಗಾಳಿ ಬಹಳ ತೆಳುವಾಗಿರುತ್ತದೆ. ಅವರಿಗೆ ತೀವ್ರವಾದ ತಲೆನೋವು ಬಂದಿತು. ಆ ಸ್ಥಿತಿಯಲ್ಲಿಯೂ ಅವರು ದಾರಿಯ ಬಂಡೆಗಳನ್ನು ಪರೀಕ್ಷಿಸುವುದನ್ನು ಬಿಡಲಿಲ್ಲ. 1874ರ ಜೂನ್ 19ರಂದು ಲಡಾಖಿನ ಮುರ್ಗೋ ಎಂಬಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ ಮೂವತ್ತಾರು ವರ್ಷ. ಲೇಹ್ ಪಟ್ಟಣದಲ್ಲಿ ಅವರ ಸಮಾಧಿ ಇದೆ.

ಮರುವರ್ಷವೇ ಅಮೋನೈಟ್‌ಗಳ ಒಂದು ಮನೆತನಕ್ಕೆ ಸ್ಟೋಲಿಚ್ಕಾಯ ಎಂದು ಹೆಸರಿಡಲಾಯಿತು. ಕಲ್ಲಾದ ಜೀವಿಗಳಿಗೆ ಹೆಸರು ಕೊಟ್ಟವರ ಹೆಸರು ಹೀಗೆ ಕಲ್ಲಿನಲ್ಲಿಯೇ ನಿಂತಿತು.