ಲ್ಯಾಟಿನ್ ಬಾರದ ಕ್ಷೌರಿಕ, ಮಡಚುವ ಮೊಣಕಾಲು

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಕೃತಕ ಕೈ-ಕಾಲನ್ನು ಆರಿಸಿಕೊಳ್ಳುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂಬ್ರೋಸ್ ಪಾರೆಯ ಬದುಕನ್ನು ಒಮ್ಮೆ ಓದಬೇಕು.

1510ರ ಸುಮಾರಿಗೆ ಫ್ರಾನ್ಸ್‌ನ ಲಾವಾಲ್ ಬಳಿ ಹುಟ್ಟಿದ ಪಾರೆ ವೃತ್ತಿಯಲ್ಲಿ ಕ್ಷೌರಿಕ. ಆಗ ವೈದ್ಯರು ಲ್ಯಾಟಿನ್‌ನಲ್ಲಿ ಓದಿ ಮದ್ದು ಹೇಳುತ್ತಿದ್ದರು. ಗಾಯ ಕೊಯ್ಯುವ ಕೆಲಸ ಕ್ಷೌರಿಕರದ್ದು. ಪಾರೆಗೆ ಲ್ಯಾಟಿನ್ ಬರುತ್ತಿರಲಿಲ್ಲ. ಪ್ಯಾರಿಸ್‌ನ ಆಸ್ಪತ್ರೆಯಲ್ಲಿ ಕೈ ಪಳಗಿಸಿಕೊಂಡು ಸೈನ್ಯ ಸೇರಿದ. 1537ರ ಯುದ್ಧದಲ್ಲಿ ಗುಂಡೇಟಿಗೆ ಸುರಿಯುವ ಕುದಿಯುವ ಎಣ್ಣೆ ಮುಗಿದುಹೋಯಿತು. ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಬೆರೆಸಿ ಹಚ್ಚಿದ. ಮರುದಿನ ನೋಡಿದರೆ, ಎಣ್ಣೆ ಸುರಿಸಿಕೊಂಡವರಿಗಿಂತ ಇವರ ನೋವು, ಊತ ಕಡಿಮೆಯಿತ್ತು. ಗ್ರಂಥಕ್ಕಿಂತ ಕಣ್ಣನ್ನು ನಂಬುವುದು ಅಂದಿನಿಂದ ಅವನ ರೂಢಿಯಾಯಿತು.

ಕಾಲು ಕತ್ತರಿಸಿದ ಮೇಲೆ ಕಾದ ಕಬ್ಬಿಣದಿಂದ ಸುಡುವ ಬದಲು ರಕ್ತನಾಳಗಳನ್ನು ದಾರದಿಂದ ಕಟ್ಟತೊಡಗಿದ. ಆದರೆ ಬದುಕಿದವನು ನಡೆಯಲೂ ಬೇಕಲ್ಲ? ಹೆಜ್ಜೆಯ ಮೇಲೆ ಭಾರ ಬಿದ್ದಾಗ ಮೊಣಕಾಲು ನೆಟ್ಟಗೆ ನಿಲ್ಲಬೇಕು, ಇಲ್ಲವಾದರೆ ಮನುಷ್ಯ ಬೀಳುತ್ತಾನೆ. ಕೂರುವಾಗ ಅದೇ ಮೊಣಕಾಲು ಮಡಚಬೇಕು. ಪಾರೆ ಮೊಣಕಾಲಿಗೆ ಅಗುಳಿ ಇಟ್ಟ; ದಾರ ಎಳೆದರೆ ಅದು ಕಳಚಿಕೊಳ್ಳುತ್ತಿತ್ತು. ಬೆರಳು ಮಡಚುವ ಕಬ್ಬಿಣದ ಕೈಯನ್ನೂ ಯೋಚಿಸಿದ. ಇವನ್ನು ಮಾಡಿಕೊಟ್ಟವನು ಪ್ಯಾರಿಸ್‌ನ ಒಬ್ಬ ಬೀಗ ಮಾಡುವವನು. ಬಡವರಿಗೆಂದು ಸರಳವಾದ ಮರದ ಕಾಲಿನ ಚಿತ್ರವನ್ನೂ ಪಾರೆ ಬಿಡಿಸಿಟ್ಟ.

1564ರ ಪುಸ್ತಕದಲ್ಲಿ ಈ ಅಂಗಗಳನ್ನು ತನ್ನ ತಾಯ್ನುಡಿ ಫ್ರೆಂಚ್‌ನಲ್ಲೇ ವಿವರಿಸಿದ. 1575ರಲ್ಲಿ ಸಮಗ್ರ ಕೃತಿಗಳು ಬಂದಾಗ ಪ್ಯಾರಿಸ್‌ನ ವೈದ್ಯಪಂಡಿತರು ವಿರೋಧಿಸಿದರು. ಅವನು ಬಗ್ಗಲಿಲ್ಲ. ನಾಲ್ವರು ದೊರೆಗಳಿಗೆ ಶಸ್ತ್ರವೈದ್ಯನಾಗಿದ್ದು 1590ರಲ್ಲಿ ತೀರಿಕೊಂಡ.

ನಮ್ಮ ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್‌ನಲ್ಲಿ ಜೋಡಿಸುವ ಜೈಪುರ ಕಾಲಿನ ಹಿಂದೆಯೂ ಇಂಥದೇ ಜೋಡಿಯಿದೆ: ಶಿಲ್ಪಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವ, ಬರಿಗಾಲಲ್ಲಿ ಹೊಲಕ್ಕಿಳಿಯುವ ಜನರನ್ನು ನೋಡಿ ರೂಪಿಸಿದ ಕಾಲು ಅದು.

ಇಂಗ್ಲಿಷ್ ಸರಿಯಾಗಿ ಬಾರದೆಂದು ಸಂದರ್ಶನದ ಬಾಗಿಲಲ್ಲೇ ಕುಗ್ಗುವ ಗೆಳೆಯರು ನಮ್ಮಲ್ಲಿ ಬಹಳ. ಇಂಗ್ಲಿಷ್ ಕಲಿಯೋಣ, ಅದು ಬೇಕು. ಆದರೆ ಕಾಲು ಕಳೆದುಕೊಂಡ ಕುಂದಗೋಳದ ರೈತನ ಪಕ್ಕ ಕುಳಿತು, ಎಲ್ಲಿ ಒತ್ತುತ್ತದೆ, ಬದು ದಾಟುವಾಗ ಏನಾಗುತ್ತದೆ ಎಂದು ಕೇಳಿ ತಿಳಿಯಲು ಬೇಕಾದ ಭಾಷೆ ನಮ್ಮ ಬಳಿ ಆಗಲೇ ಇದೆ.