ಖಂಡಗಳ ಬೆನ್ನು ಹತ್ತಿದ ಆಲ್ಫ್ರೆಡ್ ವೆಗೆನರ್

ಭೂಗೋಳದ ತಾಸಿನಲ್ಲಿ ಗೋಡೆಗೆ ತೂಗುಹಾಕುವ ಜಗತ್ತಿನ ನಕಾಶೆಯನ್ನು ವಿದ್ಯಾರ್ಥಿ ಮಿತ್ರರೆಲ್ಲ ನೋಡಿರುತ್ತೀರಿ. ದಕ್ಷಿಣ ಅಮೇರಿಕದ ಪೂರ್ವದ ಅಂಚು, ಆಫ್ರಿಕದ ಪಶ್ಚಿಮದ ಅಂಚು, ಇವೆರಡನ್ನೂ ಹತ್ತಿರ ಸರಿಸಿದರೆ ಹರಿದ ಕಾಗದದ ಎರಡು ತುಂಡುಗಳಂತೆ ಕೂಡಿಕೊಳ್ಳುತ್ತವೆ. ಇದನ್ನು ಗಮನಿಸಿದವರು ಹಿಂದೆಯೂ ಇದ್ದರು. ಗಮನಿಸಿ ಸುಮ್ಮನಾಗದೆ, ಜೀವಮಾನವಿಡೀ ಅದರ ಬೆನ್ನು ಹತ್ತಿದವನು ಜರ್ಮನಿಯ ಆಲ್ಫ್ರೆಡ್ ವೆಗೆನರ್.

ವೆಗೆನರ್ 1880ರ ನವೆಂಬರ್ 1ರಂದು ಬರ್ಲಿನ್ ನಗರದಲ್ಲಿ ಜನಿಸಿದನು. ತಂದೆ ಪಾದ್ರಿ, ಶಾಲೆಯಲ್ಲಿ ಪ್ರಾಚೀನ ಭಾಷೆಗಳನ್ನೂ ಕಲಿಸುತ್ತಿದ್ದನು. ಭಾಷಾ ಶಿಕ್ಷಕನ ಮಗ ವಿಜ್ಞಾನಿಯಾದನೆಂಬುದು ನನ್ನಂಥವರಿಗೆ ಸಂತೋಷದ ಸಂಗತಿಯೇ ಸರಿ. 1905ರಲ್ಲಿ ಖಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರೂ ಆತನ ಮನಸ್ಸು ಹವಾಮಾನಶಾಸ್ತ್ರದ ಕಡೆಗೆ ಹರಿಯಿತು. ಮರುವರ್ಷ ಅಣ್ಣ ಕುರ್ಟ್‌ನೊಂದಿಗೆ ಬಲೂನಿನಲ್ಲಿ 52 ಗಂಟೆಗಳಿಗೂ ಹೆಚ್ಚು ಕಾಲ ಆಕಾಶದಲ್ಲಿದ್ದು ದಾಖಲೆ ಸ್ಥಾಪಿಸಿದನು. ಅದೇ ವರ್ಷ ಗ್ರೀನ್‌ಲೆಂಡಿನ ಹಿಮಭೂಮಿಗೆ ಮೊದಲ ಸಲ ಹೋದನು.

1912ರ ಜನವರಿ 6ರಂದು ಫ್ರಾಂಕ್‌ಫರ್ಟ್‌ನಲ್ಲಿ ಭೂವಿಜ್ಞಾನಿಗಳ ಮುಂದೆ ಆತ ತನ್ನ ವಿಚಾರವನ್ನು ಇಟ್ಟನು. ಒಂದಾನೊಂದು ಕಾಲದಲ್ಲಿ ಖಂಡಗಳೆಲ್ಲ ಒಂದೇ ಆಗಿದ್ದವು, ಅನಂತರ ಒಡೆದು ಸರಿದವು ಎಂಬುದೇ ಆ ವಿಚಾರ. ಮಹಾಯುದ್ಧದಲ್ಲಿ ಗಾಯಗೊಂಡು ರಜೆಯ ಮೇಲಿದ್ದಾಗ ಅದನ್ನು ಬೆಳೆಸಿ 1915ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅಂಚುಗಳ ಹೊಂದಾಣಿಕೆಯೊಂದನ್ನೇ ಆತ ನೆಚ್ಚಲಿಲ್ಲ. ಮೆಸೊಸಾರಸ್ ಎಂಬ ಸಣ್ಣ ಸರೀಸೃಪದ ಪಳೆಯುಳಿಕೆ ಬ್ರೆಜಿಲ್‌ನಲ್ಲಿಯೂ ಆಫ್ರಿಕದ ದಕ್ಷಿಣದಲ್ಲಿಯೂ ಸಿಗುತ್ತದೆ. ಮಹಾಸಾಗರವನ್ನು ಈಜಿ ದಾಟುವ ಪ್ರಾಣಿ ಅದಲ್ಲ. ಗ್ಲಾಸೋಪ್ಟೆರಿಸ್ ಎಂಬ ಗಿಡದ ಎಲೆಯ ಗುರುತು ಆಫ್ರಿಕ, ಆಸ್ಟ್ರೇಲಿಯಗಳಲ್ಲಿರುವಂತೆಯೇ ನಮ್ಮ ದೇಶದ ಕಲ್ಲಿದ್ದಲಿನ ಪದರಗಳಲ್ಲಿಯೂ ಇದೆ. ಇನ್ನೂ ಸೋಜಿಗವೆಂದರೆ, ಸುಮಾರು 30 ಕೋಟಿ ವರ್ಷಗಳ ಹಿಂದೆ ಹಿಮನದಿ ಬಂಡೆಯನ್ನು ಉಜ್ಜಿ ಎಳೆದ ಗೀರುಗಳು ಮಹಾರಾಷ್ಟ್ರದ ಚಂದ್ರಪುರದ ಸಮೀಪದಲ್ಲಿವೆ. ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುವ ಚಂದ್ರಪುರದಲ್ಲಿ ಹಿಮನದಿ! ಭಾರತ ಆಗ ದಕ್ಷಿಣ ಧ್ರುವದ ಕಡೆಗಿತ್ತು ಎಂದರೆ ಮಾತ್ರ ಈ ಒಗಟು ಬಿಡುತ್ತದೆ.

ಖಂಡಗಳ ನಡುವೆ ಹಿಂದೆ ಭೂಸೇತುವೆಗಳಿದ್ದು, ಅವು ಸಮುದ್ರದಲ್ಲಿ ಮುಳುಗಿದವೆಂದು ಹಲವರು ಹೇಳುತ್ತಿದ್ದರು. ಖಂಡದ ಶಿಲೆ ಹಗುರ, ಅದರ ಕೆಳಗಿನ ಶಿಲೆ ಭಾರ. ಹಗುರವಾದುದು ಭಾರವಾದುದರಲ್ಲಿ ಮುಳುಗುವುದು ಹೇಗೆ ಎಂಬುದು ವೆಗೆನರನ ಪ್ರಶ್ನೆ. ಅದಕ್ಕೆ ಎದುರಾಳಿಗಳಲ್ಲಿ ಸರಿಯಾದ ಉತ್ತರವಿರಲಿಲ್ಲ.

ಆದರೆ ಅವರ ಪ್ರಶ್ನೆಗೂ ವೆಗೆನರನಲ್ಲಿ ಉತ್ತರವಿರಲಿಲ್ಲ. ಖಂಡಗಳನ್ನು ತಳ್ಳಿದ ಬಲ ಯಾವುದು? ಭೂಮಿಯ ತಿರುಗುವಿಕೆ ಮತ್ತು ಸೂರ್ಯಚಂದ್ರರ ಸೆಳೆತ ಎಂದು ಆತ ಸೂಚಿಸಿದನು. ಇಂಗ್ಲೆಂಡಿನ ಹೆರಾಲ್ಡ್ ಜೆಫ್ರೀಸ್ ಲೆಕ್ಕ ಹಾಕಿ, ಶಿಲೆಯ ಗಟ್ಟಿತನದ ಮುಂದೆ ಆ ಬಲಗಳು ಏನೇನೂ ಸಾಲವೆಂದು ತೋರಿಸಿದನು. ವೆಗೆನರನನ್ನು ವಿರೋಧಿಸಿದವರೆಲ್ಲ ಮೂಢರೆಂದು ಬರೆಯುವುದು ವಾಡಿಕೆಯಾಗಿದೆ, ಅದು ನ್ಯಾಯವಲ್ಲ. ಜೆಫ್ರೀಸನ ಆ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದುದು ಶಿಲೆಯ ಸ್ವಭಾವವನ್ನು ತಿಳಿದುದರಲ್ಲಿ. ಡಾಂಬರಿನ ಗಟ್ಟಿಯನ್ನು ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತದೆ. ಹಾಗೆಯೇ ಬಿಟ್ಟರೆ ದಿನಕಳೆದಂತೆ ಮೆಲ್ಲಗೆ ಹರಡುತ್ತದೆ. ಭೂಗರ್ಭದ ಕಾದ ಶಿಲೆಯೂ ಹಾಗೆಯೇ, ಘನವಾಗಿದ್ದುಕೊಂಡೇ ಲಕ್ಷಾಂತರ ವರ್ಷಗಳಲ್ಲಿ ಹರಿಯುತ್ತದೆ. ಆರ್ಥರ್ ಹೋಮ್ಸ್ ಎಂಬ ಭೂವಿಜ್ಞಾನಿ ವೆಗೆನರ್ ಬದುಕಿದ್ದಾಗಲೇ ಈ ಹರಿವಿನ ವಿಚಾರವನ್ನು ಸೂಚಿಸಿದ್ದರೂ ಕೇಳಿದವರು ಕಡಿಮೆ.

ಪ್ರಾಧ್ಯಾಪಕನ ಪೀಠ ಆತನಿಗೆ ಸ್ವದೇಶದಲ್ಲಿ ದೊರೆಯಲಿಲ್ಲ. 1924ರಲ್ಲಿ ಆಸ್ಟ್ರಿಯದ ಗ್ರಾಜ್ ವಿಶ್ವವಿದ್ಯಾಲಯ ಆತನನ್ನು ಕರೆಯಿತು.

1930ರಲ್ಲಿ ವೆಗೆನರ್ ಕೊನೆಯ ಸಲ ಗ್ರೀನ್‌ಲೆಂಡಿಗೆ ಹೊರಟನು. ಹಿಮಪದರದ ದಪ್ಪವನ್ನು ಸಿಡಿಮದ್ದಿನ ಅಲೆಗಳಿಂದ ಅಳೆಯುವುದು, ಇಡೀ ವರ್ಷದ ಹವೆಯನ್ನು ದಾಖಲಿಸುವುದು ಆ ಯಾತ್ರೆಯ ಕೆಲಸ. ಕರಾವಳಿಯಿಂದ ಸುಮಾರು 400 ಕಿ.ಮೀ. ಒಳಗೆ, ಹಿಮದ ನಡುವೆ, ಇಬ್ಬರು ಸಂಗಾತಿಗಳು ಬೀಡುಬಿಟ್ಟಿದ್ದರು. ಅವರಿಗೆ ಚಳಿಗಾಲದ ಸಾಮಗ್ರಿ ಪೂರ್ತಿ ತಲುಪಿರಲಿಲ್ಲ. ಸೆಪ್ಟೆಂಬರಿನಲ್ಲಿ ವೆಗೆನರ್ ತಾನೇ ಹೊರಟನು. ಹಿಮಗಾಳಿಗೆ ಬೆದರಿ ಜೊತೆಯವರಲ್ಲಿ ಹೆಚ್ಚಿನವರು ಹಿಂದಿರುಗಿದರು. ಫ್ರಿಟ್ಸ್ ಲೋವೆ ಮತ್ತು ಗ್ರೀನ್‌ಲೆಂಡಿನ ತರುಣ ರಾಸ್ಮಸ್ ವಿಲುಮ್‌ಸೆನ್ ಇಬ್ಬರೇ ಕೊನೆಯವರೆಗೆ ಬಂದರು. ಶೂನ್ಯಕ್ಕಿಂತ 50 ಡಿಗ್ರಿ ಕೆಳಗಿನ ಚಳಿ. ಲೋವೆಯ ಕಾಲ್ಬೆರಳುಗಳು ಹೆಪ್ಪುಗಟ್ಟಿ ಹೋದವು; ಅವನ್ನು ಅಲ್ಲಿಯೇ ಕತ್ತರಿಸಬೇಕಾಯಿತು. ಬೀಡಿನಲ್ಲಿದ್ದ ಆಹಾರ ಐದು ಜನಕ್ಕೆ ಸಾಲುವಂತಿರಲಿಲ್ಲ. ನವೆಂಬರ್ 1, ತನ್ನ ಐವತ್ತನೆಯ ಹುಟ್ಟುಹಬ್ಬದ ದಿನ, ವೆಗೆನರ್ ವಿಲುಮ್‌ಸೆನ್‌ನನ್ನು ಕರೆದುಕೊಂಡು ಮರಳಿ ಕರಾವಳಿಯತ್ತ ನಡೆದನು.

ಇಬ್ಬರೂ ತಲುಪಲಿಲ್ಲ. 1931ರ ಮೇ ತಿಂಗಳಿನಲ್ಲಿ, ನೆಟ್ಟಿದ್ದ ಹಿಮಜಾರುಹಲಗೆಗಳ ಗುರುತಿನಿಂದ ವೆಗೆನರನ ದೇಹ ಸಿಕ್ಕಿತು. ವಿಲುಮ್‌ಸೆನ್ ಅದನ್ನು ಜೋಪಾನವಾಗಿ ಹೊದಿಸಿ, ಹಿಮದಲ್ಲಿ ಹೂಳಿ, ಮುಂದೆ ಸಾಗಿದ್ದನು. ಆ ನಿಷ್ಠಾವಂತ ತರುಣ ಏನಾದನೆಂಬುದು ಇಂದಿಗೂ ಗೊತ್ತಾಗಿಲ್ಲ.

ಮುಂದೆ ಸಾಗರತಳದ ನಕಾಶೆಗಳು ತಯಾರಾದವು. 1963ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು ಅಲ್ಲಿನ ಶಿಲೆಗಳ ಕಾಂತೀಯ ಪಟ್ಟೆಗಳನ್ನು ವಿವರಿಸಿ, ಸಾಗರತಳ ಅಗಲವಾಗುತ್ತಿದೆ ಎಂಬುದಕ್ಕೆ ಆಧಾರ ಒದಗಿಸಿದರು. ಖಂಡಗಳು ಸರಿಯುತ್ತವೆಂದು ಆ ದಶಕ ಮುಗಿಯುವುದರೊಳಗೆ ಹೆಚ್ಚಿನವರು ಒಪ್ಪಿದರು. ವೇಗದ ಬಗೆಗೆ ಮಾತ್ರ ವೆಗೆನರ್ ಬಹಳ ತಪ್ಪಿದ್ದನು. ಗ್ರೀನ್‌ಲೆಂಡ್ ವರ್ಷಕ್ಕೆ ಹಲವು ಮೀಟರ್ ಸರಿಯುತ್ತದೆಂದು ಆತ ಎಣಿಸಿದ್ದನು. ನಿಜವಾದ ಲೆಕ್ಕ ಸೆಂಟಿಮೀಟರುಗಳದು. ನಮ್ಮ ಭಾರತ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತ ಏಷ್ಯವನ್ನು ಒತ್ತುತ್ತಿದೆ. ಆ ಒತ್ತಡದಿಂದಲೇ ಹಿಮಾಲಯ ಎದ್ದಿತು. ಅದೇ ಒತ್ತಡ ದಖ್ಖನಿನ ಗಟ್ಟಿ ನೆಲದೊಳಗೂ ಸಂಗ್ರಹವಾಗುತ್ತದೆ. ಸೊಲ್ಲಾಪುರಕ್ಕೆ ದೂರವಲ್ಲದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆಲ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತಾಗ, ವಿಜ್ಞಾನಿಗಳು ಕಾರಣವನ್ನು ಹುಡುಕಿದ್ದು ಖಂಡಗಳ ಈ ನಡಿಗೆಯಲ್ಲಿಯೇ.