ನಕ್ಷತ್ರಗಳ ಬೆಳಕನ್ನು ಓದಲು ಕಲಿಸಿದ ಮೇಘನಾದ ಸಹಾ

ನಕ್ಷತ್ರಗಳೂ ಹುಟ್ಟುತ್ತವೆ, ಮುಪ್ಪಾಗುತ್ತವೆ, ಅಳಿಯುತ್ತವೆ ಎಂಬುದು ಇಂದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಅವುಗಳ ಆಯುಷ್ಯದ ಲೆಕ್ಕ ಹಾಕುವ ಮೊದಲು ಅವುಗಳ ಬೆಳಕನ್ನು ಸರಿಯಾಗಿ ಓದಲು ಬರಬೇಕಿತ್ತು. ಆ ಓದನ್ನು ಜಗತ್ತಿಗೆ ಕಲಿಸಿದವರಲ್ಲಿ ಮೇಘನಾದ ಸಹಾ ಅಗ್ರಗಣ್ಯರೆಂದು ನಾನು ಭಾವಿಸುತ್ತೇನೆ.

1893ರಲ್ಲಿ ಢಾಕಾ ಸಮೀಪದ ಹಳ್ಳಿಯೊಂದರಲ್ಲಿ ಸಣ್ಣ ಅಂಗಡಿಕಾರರೊಬ್ಬರ ಮಗನಾಗಿ ಜನಿಸಿದ ಸಹಾ ಅವರಿಗೆ ಪ್ರಾಥಮಿಕ ಶಾಲೆಯ ನಂತರದ ಓದೇ ದುಸ್ತರವಾಗಿತ್ತು. ವೈದ್ಯರೊಬ್ಬರು ತಮ್ಮ ಮನೆಯಲ್ಲಿ ಆಶ್ರಯ ನೀಡಿದ್ದರಿಂದ ಓದು ಮುಂದುವರಿಯಿತು. ವಿದ್ಯಾರ್ಥಿವೇತನ ಅವರನ್ನು ಢಾಕಾಕ್ಕೆ ಕರೆತಂದಿತು. 1905ರಲ್ಲಿ ಬಂಗಾಳ ವಿಭಜನೆಯ ವಿರುದ್ಧದ ಪ್ರತಿಭಟನೆಯಲ್ಲಿ ಪಾಲ್ಗೊಂಡದ್ದಕ್ಕೆ ಶಾಲೆಯಿಂದ ಹೊರಬಿದ್ದರು, ವಿದ್ಯಾರ್ಥಿವೇತನವನ್ನೂ ಕಳೆದುಕೊಂಡರು. ಬೇರೆ ಶಾಲೆ ಸೇರಿ, ಮುಂದೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ತಲುಪಿದಾಗ ವಿದ್ಯಾರ್ಥಿನಿಲಯದ ಊಟದ ಪಂಕ್ತಿಯಲ್ಲಿ ಜಾತಿಯ ಅವಮಾನ ಎದುರಾಯಿತು.

ಅದೇ ಯುವಕ 1920ರಲ್ಲಿ ಪ್ರಕಟಿಸಿದ ಅಯಾನೀಕರಣ ಸಮೀಕರಣ ಖಭೌತ ವಿಜ್ಞಾನದ ದಿಕ್ಕನ್ನೇ ಬದಲಿಸಿತು. ಉಷ್ಣತೆ ಏರಿದಂತೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಒತ್ತಡ ಹೆಚ್ಚಿದರೆ ಈ ಕ್ರಿಯೆ ಹಿಂಜರಿಯುತ್ತದೆ. ನಕ್ಷತ್ರದಿಂದ ನಕ್ಷತ್ರಕ್ಕೆ ರೋಹಿತದ ಗೆರೆಗಳು ಬದಲಾಗಲು ಮುಖ್ಯ ಕಾರಣ ಧಾತುಗಳ ವ್ಯತ್ಯಾಸವಲ್ಲ, ಉಷ್ಣತೆಯ ವ್ಯತ್ಯಾಸ ಎಂಬುದು ಇದರಿಂದ ಖಚಿತವಾಯಿತು. ಸೂರ್ಯನಲ್ಲಿ ಅದುವರೆಗೆ ಕಾಣದಿದ್ದ ರುಬಿಡಿಯಂ ಗೆರೆಗಳು, ಹೋಲಿಕೆಯಲ್ಲಿ ತಂಪಾದ ಸೂರ್ಯಕಲೆಗಳಲ್ಲಿ ಕಾಣಬೇಕೆಂದು ಸಹಾ ಊಹಿಸಿದರು. ಅಮೆರಿಕದ ಹೆನ್ರಿ ನೋರಿಸ್ ರಸೆಲ್ ಅವನ್ನು ಅಲ್ಲಿಯೇ ಗುರುತಿಸಿದರು.

1925ರಲ್ಲಿ ಸಿಸಿಲಿಯಾ ಪೇನ್ ಇದೇ ಸಮೀಕರಣವನ್ನು ಬಳಸಿ, ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಅತ್ಯಧಿಕವೆಂದು ತೋರಿಸಿದರು. ಹೈಡ್ರೋಜನ್ ಹೀಲಿಯಂ ಆಗುವಾಗ ಹೊಮ್ಮುವ ಶಕ್ತಿಯಿಂದ ನಕ್ಷತ್ರ ಬೆಳಗುತ್ತದೆ, ಗರ್ಭದಲ್ಲಿ ಆ ಇಂಧನ ಮುಗಿದಾಗ ಉಬ್ಬಿ ಕೆಂಪು ದೈತ್ಯವಾಗುತ್ತದೆ ಎಂಬ ಮುಂದಿನ ತಿಳಿವಳಿಕೆಗೆ ಇದು ಅಡಿಪಾಯ.

ಸಹಾ ಅವರ ಹೆಸರು ನೊಬೆಲ್‌ಗೆ ಹಲವು ಬಾರಿ ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. ಅವರು ಕೊರಗುತ್ತ ಕೂರಲಿಲ್ಲ. ಕಲ್ಕತ್ತೆಯಲ್ಲಿ ಪರಮಾಣು ಭೌತವಿಜ್ಞಾನ ಸಂಸ್ಥೆ ಕಟ್ಟಿದರು, ನದಿ ಯೋಜನೆಗಳಿಗಾಗಿ ವಾದಿಸಿದರು, ಪಂಚಾಂಗ ಸುಧಾರಣಾ ಸಮಿತಿಯ ನೇತೃತ್ವ ವಹಿಸಿದರು, 1952ರಲ್ಲಿ ಲೋಕಸಭೆ ಪ್ರವೇಶಿಸಿದರು. 1956ರ ಫೆಬ್ರುವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವ ದಾರಿಯಲ್ಲೇ ಕುಸಿದು ಕೊನೆಯುಸಿರೆಳೆದರು.

ಅವರ ಪ್ರತಿಭೆಯನ್ನು ಕೊಂಡಾಡುವುದು ಸುಲಭ. ಆದರೆ ನನ್ನನ್ನು ಹೆಚ್ಚು ಕಾಡುವುದು ಆ ವೈದ್ಯರ ಮನೆ ಮತ್ತು ಆ ವಿದ್ಯಾರ್ಥಿವೇತನ. ಅವೆರಡೂ ಸಿಗದೆ ಹಳ್ಳಿಯ ಅಂಗಡಿಗಳಲ್ಲೇ ಉಳಿದುಹೋದ ಹುಡುಗರೆಷ್ಟು ಎಂಬ ಲೆಕ್ಕ ಯಾವ ಬಜೆಟ್ಟಿನಲ್ಲೂ ಸಿಗದು.